ಎಂಟು ಟ್ರಿಪ್‌ಗೆ ದುಡ್ಡು ಕಟ್ಟಿ ಆರಕ್ಕೆ ಹೋದೆವು: ಹೊನ್ನಾವರದ ಗಾಳದ ದೋಣಿಯಲ್ಲಿ ಒಂದು ವರ್ಷ

ಸಾಗರದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪ್‌ಸೆಟ್ ಬಿಚ್ಚಿ ತಂತಿ ಸುತ್ತುವ ಕೆಲಸ. ಭಾನುವಾರ ಬಾಗಿಲು ಹಾಕಿದರೆ ಘಟ್ಟ ಇಳಿದು ಹೊನ್ನಾವರದಲ್ಲಿ ಗಾಳ ಹಾಕುವುದು ನನ್ನ ಚಟ. ಹತ್ತು ವರ್ಷ ದಂಡೆಯ ಮೇಲೆ ನಿಂತೇ ಹಾಕಿದ್ದೆ. ಕಳೆದ ಸಲ ನಾವು ನಾಲ್ಕು ಜನ ಸೇರಿ ದೋಣಿಯವರೊಬ್ಬರಿಗೆ ಇಡೀ ವರ್ಷದ ದುಡ್ಡು ಮುಂಗಡ ಕೊಟ್ಟೆವು. 2024ರ ಸೆಪ್ಟೆಂಬರ್‌ನಿಂದ 2025ರ ಮೇ ತನಕ ಎಂಟು ಟ್ರಿಪ್. ಒಟ್ಟು 40,000 ರೂಪಾಯಿ, ತಲೆಗೆ ಹತ್ತು ಸಾವಿರ. ಬೆಳಗ್ಗೆ ಐದೂವರೆಗೆ ಹೊರಟು ಹನ್ನೊಂದರೊಳಗೆ ವಾಪಸ್. ಪೆಟ್ರೋಲ್, ಐಸ್ ಪೆಟ್ಟಿಗೆ, ಗಾಳಕ್ಕೆ ಸಿಗಡಿ, ಮಧ್ಯಾಹ್ನ ಅವರ ಮನೆಯ ಊಟ, ಎಲ್ಲ ಅದರಲ್ಲೇ.

ದೋಣಿಯವರ ಹೆಸರು ಹಾಕುತ್ತಿಲ್ಲ. ಬರೀ ಹೊಗಳಿಕೆ ಇದ್ದಿದ್ದರೆ ಹಾಕುತ್ತಿದ್ದೆ, ಬೈಗುಳವೂ ಇದೆ. ಅಣ್ಣ ಅಂತ ಬರೆಯುತ್ತೇನೆ. ನಾನು ಅವರನ್ನು ಕರೆಯುವುದೂ ಹಾಗೆಯೇ.

ಮೊದಲ ಮಾತುಕತೆಯಲ್ಲೇ ನನ್ನ ಲೆಕ್ಕ ತಲೆಕೆಳಗಾಯಿತು. ನಾನು ಕ್ಯಾಲೆಂಡರ್ ತಗೊಂಡು ಹೋಗಿದ್ದೆ. ಪ್ರತಿ ತಿಂಗಳ ಎರಡನೇ ಭಾನುವಾರಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೆ. ಅಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಹುಣ್ಣಿಮೆ ಅಮಾಸೆ ಎಲ್ಲಿ?" ಅಂದರು. ಆಮೇಲೆ ಕೂತು ವಿವರಿಸಿದರು. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹದಿನೈದು ದಿನಕ್ಕೆ ಹೆಚ್ಚುಕಮ್ಮಿ ಮತ್ತೆ ಅದೇ ಹೊತ್ತಿಗೆ ಬಂದು ನಿಲ್ಲುತ್ತದೆ. ಅಂದರೆ ಒಂದು ಭಾನುವಾರ ನೀರು ಸರಿ ಇದ್ದರೆ ಅದರ ಮುಂದಿನ ಭಾನುವಾರ ಉಲ್ಟಾ, ಅದರ ಆಚೆಯದು ಮತ್ತೆ ಸರಿ. ಇಷ್ಟು ಗೊತ್ತಾದ ಮೇಲೆ ವರ್ಷದ ಪಟ್ಟಿ ಮಾಡುವುದು ಸುಲಭ. ಪಂಚಾಂಗ ಇಟ್ಟುಕೊಂಡು ಹುಣ್ಣಿಮೆ ಅಮಾಸೆ ನೋಡಿ ಭಾನುವಾರ ಆರಿಸಿಕೊಂಡರೆ ಆಯಿತು. ಒಂದು ಬಿಟ್ಟು ಒಂದು ಅಂತ ಕಣ್ಣುಮುಚ್ಚಿ ಎಣಿಸುತ್ತಾ ಹೋದರೆ ಕೆಲವು ತಿಂಗಳಲ್ಲಿ ಲೆಕ್ಕ ತಪ್ಪುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಶರಾವತಿಯ ಅಳಿವೆ. ನದಿ ಕಡಲಿಗೆ ಸೇರುವ ಬಾಯಿ. ಇಳಿತದ ನೀರು ಜೋರಾಗಿ ಹೊರಗೆ ಹೋಗುತ್ತಿರುತ್ತದೆ. ಮಧ್ಯಾಹ್ನ ಆಗುತ್ತಿದ್ದಂತೆ ಕಡಲಿನಿಂದ ಗಾಳಿ ಒಳಗೆ ಬೀಸುತ್ತದೆ. ಎರಡೂ ಎದುರುಬದುರು ಆದಾಗ ಅಳಿವೆಯಲ್ಲಿ ಅಲೆ ಕಡಿದಾಗಿ ಎದ್ದು ನಿಲ್ಲುತ್ತದೆ. ಕೆಳಗೆ ಮರಳು ದಿಬ್ಬ ಬೇರೆ. ಹೊರಗೆ ಕಡಲು ಹಾಲಿನ ಹಾಗೆ ಇದ್ದರೂ ವಾಪಸ್ ಬರುವಾಗ ದೋಣಿ ಮಗುಚುವುದು ಇಲ್ಲೇ. ಹಾಗಾಗಿ ಹನ್ನೊಂದರೊಳಗೆ, ಅದೂ ಇಳಿತ ಜೋರಾಗುವ ಮೊದಲು ಒಳಗೆ ಬರುವಂಥ ದಿನವೇ ಬೇಕು. ಅಣ್ಣ ಇದರಲ್ಲಿ ರಾಜಿ ಆಗಲಿಲ್ಲ. ಒಂದು ದಿನವೂ ಆಗಲಿಲ್ಲ. ಈ ಸೇವೆಗೆ ನಾನು ಪೂರ್ತಿ ಅಂಕ ಕೊಡುವುದು ಇದೊಂದಕ್ಕೇ.

ಈಗ ಟ್ರಿಪ್‌ಗಳ ಕಥೆ.

ಕರಾವಳಿಯಲ್ಲಿ ಮೀನುಗಾರರ ವರ್ಷ ಜನವರಿಗೆ ಶುರುವಾಗುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ಹತ್ತು ಅಶ್ವಶಕ್ತಿಯೊಳಗಿನ ಇಂಜಿನ್ನಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಆಮೇಲೆ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ. ನಮ್ಮ ಮೊದಲ ಟ್ರಿಪ್ ಸೆಪ್ಟೆಂಬರ್ ಕೊನೆಗೆ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅಳಿವೆ ದಾಟುವ ಮಾತೇ ಇಲ್ಲ ಅಂದರು. ಹೊಳೆಯ ಒಳಗೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಬುಡದಲ್ಲಿ ಕೆಂಬೇರಿ ಮೀನಿಗೆ ಗಾಳ ಹಾಕಿದೆವು. ನೀರು ಚಾಕೊಲೇಟ್ ಬಣ್ಣ. ನನಗೆ ಒಂದು, ಮುಕ್ಕಾಲು ಕೆಜಿ. ಉಳಿದ ಮೂವರಿಗೆ ಏನೂ ಇಲ್ಲ. ನನ್ನ ಷಡ್ಡಕ ಮುಖ ಊದಿಸಿಕೊಂಡು ಕೂತಿದ್ದರು.

ಕೊಂಕಣ ರೈಲ್ವೆ ಸೇತುವೆಯ ಕೆಳಗೆ ಹೋದಾಗ ಮಾತ್ರ ಎಲ್ಲರೂ ತಲೆ ಎತ್ತಿ ನೋಡಿದೆವು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ ಅದು. ರೈಲಿನಲ್ಲಿ ಕೂತಾಗ ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ದೋಣಿಯಲ್ಲಿ ಕಂಬ ಎಣಿಸುತ್ತಾ ಹೋದರೆ ಮುಗಿಯುವುದೇ ಇಲ್ಲ.

ಅಕ್ಟೋಬರ್‌ದು ಆಯುಧಪೂಜೆಯ ನಂತರದ ಭಾನುವಾರ ಇಟ್ಟುಕೊಂಡಿದ್ದೆವು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ. ಶನಿವಾರ ಸಂಜೆ ಅಣ್ಣನ ಫೋನ್: "ನಾಳೆ ಬರಬೇಡಿ. ಅಳಿವೆ ಸಮ ಇಲ್ಲ." ಅಷ್ಟೇ. ಬೆಂಗಳೂರಿನಿಂದ ಮಗ ಇದಕ್ಕಂತಲೇ ಬಂದಿದ್ದ. ನನಗೆ ಸಿಟ್ಟು ಬಂತು ಅಂತ ಒಪ್ಪಿಕೊಳ್ಳುತ್ತೇನೆ. ಸಾಗರದಲ್ಲಿ ಅವತ್ತು ಬೆಳಗ್ಗೆ ಚೆನ್ನಾಗಿ ಬಿಸಿಲು ಬೇರೆ ಬಂತು, ಹೊಟ್ಟೆ ಉರಿಸಲಿಕ್ಕೆ.

ನವೆಂಬರ್‌ನಿಂದ ಜನವರಿ ತನಕ ನಿಜವಾದ ಹಬ್ಬ. ಬೆಳಗ್ಗೆ ಘಟ್ಟದ ಕಡೆಯಿಂದ ತಂಪು ಗಾಳಿ ಕಡಲಿಗೆ ಬೀಸುತ್ತದೆ. ನೀರು ಇಸ್ತ್ರಿ ಹಾಕಿದ ಹಾಗೆ. ನವೆಂಬರ್‌ನಲ್ಲಿ ಬಂಗಡೆ ಹಿಂಡು ಸಿಕ್ಕಿತು. ಅಣ್ಣನ ಮಗ ಬಿಳಿ ಗರಿ ಕಟ್ಟಿದ ಆರು ಗಾಳದ ಸರ ಕೊಟ್ಟ. ಕೆಳಗೆ ಸೀಸ. ಬಿಟ್ಟು ಎರಡು ಸಲ ಜಗ್ಗಿದರೆ ನಾಲ್ಕೋ ಐದೋ ಬಂಗಡೆ ಒಟ್ಟಿಗೆ ನೇತಾಡುತ್ತಾ ಬರುತ್ತವೆ. ನನ್ನ ದುಬಾರಿ ರಾಡ್ ಬದಿಗಿಟ್ಟು ಕೈದಾರದಲ್ಲೇ ಹಿಡಿದೆ. ಅರ್ಧ ಗಂಟೆಯಲ್ಲಿ ಪೆಟ್ಟಿಗೆ ತುಂಬಿತು. ಸಾಕು ಅಂತ ಅಣ್ಣನೇ ನಿಲ್ಲಿಸಿದರು.

ಜನವರಿಯಲ್ಲಿ ಬಸವರಾಜದುರ್ಗದ ಸುತ್ತ ಹೋದೆವು. ಹೊನ್ನಾವರದ ಹತ್ತಿರ ಕಡಲಿನಲ್ಲಿರುವ ಕೋಟೆಯ ದ್ವೀಪ. ಕೆಳದಿ ಅರಸರ ಕಾಲದ್ದು. ಕೆಳದಿ ಅಂದರೆ ನಮ್ಮ ಸಾಗರದ ಪಕ್ಕದ ಊರು. ನಮ್ಮೂರಿನವರು ಆ ಕಾಲದಲ್ಲೇ ಇಲ್ಲಿಗೆ ಬಂದಿದ್ದರು ಅಂತ ನಾನು ಎದೆ ಉಬ್ಬಿಸಿದೆ. ಅಣ್ಣ, "ಅವರು ಮೀನು ಹಿಡೀಲಿಕ್ಕೆ ಬಂದವರಲ್ಲ ಮಾರಾಯ್ರೆ" ಅಂದರು. ಬಂಡೆಯ ಅಂಚಿನಲ್ಲಿ ಪಾಪ್ಪರ್, ಅಂದರೆ ನೀರಿನ ಮೇಲೆ ತೇಲುವ ನಕಲಿ ಮೀನು, ಎಸೆದಾಗ ಟ್ರೆವಲಿ ಮೀನುಗಳು ಮೇಲೆ ಬಂದು ಹೊಡೆದವು. ವಾಪಸ್ ಬರುವಾಗ ಎಂಟು ಮಾರು ನೀರಿನಲ್ಲಿ ದೋಣಿಯ ಹಿಂದೆ ಲೂರ್ (ಗಾಳ ಕಟ್ಟಿದ ನಕಲಿ ಮೀನು) ಎಳೆಯುತ್ತಾ ಬಂದೆವು. ಇಸ್ವಾಣ ಒಂದು ಬಿತ್ತು, ಮೂರು ಕೆಜಿ ಚಿಲ್ಲರೆ. ದಕ್ಷಿಣ ಕನ್ನಡದವರು ಅಂಜಲ್ ಅನ್ನುವುದು ಇದನ್ನೇ. ರೀಲ್ ಕೂಗಿದ ಸದ್ದು ಈಗಲೂ ಕಿವಿಯಲ್ಲಿದೆ. ನೇತ್ರಾಣಿ ತನಕ ಹೋಗೋಣ ಅಂತ ಷಡ್ಡಕ ಆಸೆ ಪಟ್ಟರು. ಅದು ಹವಳ ನೋಡುವವರ, ಡೈವಿಂಗ್‌ನವರ ಜಾಗ, ಗಾಳ ಹಾಕಲಿಕ್ಕೆ ನಾನು ಕರೆದುಕೊಂಡು ಹೋಗುವುದಿಲ್ಲ ಅಂದರು ಅಣ್ಣ. ಸರಿಯೇ.

ಡಿಸೆಂಬರ್ ಟ್ರಿಪ್ ಬಿಟ್ಟುಬಿಟ್ಟೆ ನೋಡಿ. ಅದನ್ನು ಬೇಕಂತಲೇ ಕೊನೆಗೆ ಇಟ್ಟೆ, ಯಾಕೆಂದರೆ ನನ್ನ ತಲೆಯಲ್ಲಿ ಇನ್ನೂ ಸುತ್ತುತ್ತಿರುವುದು ಅದೇ. ಆವತ್ತು ಹುಣ್ಣಿಮೆ. ಅಣ್ಣ ನಮ್ಮನ್ನು ಶರಾವತಿಯಲ್ಲಿ ದೋಣಿ ಹತ್ತಿಸಲೇ ಇಲ್ಲ. ನಮ್ಮ ಕಾರಿನಲ್ಲೇ ಕುಮಟಾ ದಾಟಿಸಿ ತದಡಿಗೆ ಕರೆದುಕೊಂಡು ಹೋದರು. ಅಘನಾಶಿನಿ ಹೊಳೆ, ಅವರ ಸಂಬಂಧಿಕರ ದೋಣಿ. ಯಾಕೆ ಅಂದರೆ, "ನಿಮ್ಮ ಹೊಳೆಯಲ್ಲಿ ಉಪ್ಪಿಲ್ಲ" ಅಂದರು. ನಿಮ್ಮ ಅನ್ನುವ ಮಾತು ಸ್ವಲ್ಪ ಚುಚ್ಚಿತು.

ವಿಷಯ ಹೀಗಿದೆ. ಶರಾವತಿಗೆ ನಮ್ಮ ಸಾಗರದ ಕಡೆ ಲಿಂಗನಮಕ್ಕಿ ಅಣೆಕಟ್ಟು ಬಂದಿದ್ದು 1964ರಲ್ಲಿ. ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಕರೆಂಟ್ ತೆಗೆಯಲು ಟರ್ಬೈನ್ ತಿರುಗಿಸಿದ ಸಿಹಿನೀರು ಬೇಸಿಗೆಯಲ್ಲೂ ಹೊಳೆಗೆ ಬರುತ್ತಲೇ ಇರುತ್ತದೆ. ಮೊದಲು ಬೇಸಿಗೆಯಲ್ಲಿ ಉಪ್ಪುನೀರು ಒಳಗಿನ ತನಕ ಏರುತ್ತಿತ್ತು. ಈಗ ಆ ಸಿಹಿನೀರು ಅದನ್ನು ಹೊರಗೆ ದೂಡುತ್ತದೆ. ಉಪ್ಪು ಬೇಕಾದ ಮೀನು, ಚಿಪ್ಪಿ ಎಲ್ಲ ಕಮ್ಮಿ. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಬೇಸಿಗೆಯಲ್ಲಿ ಉಪ್ಪು ಏರುತ್ತದೆ, ಮಳೆಯಲ್ಲಿ ಇಳಿಯುತ್ತದೆ. ಅದಕ್ಕೇ ಅಲ್ಲಿ ಬೆಳಚು ಅನ್ನುವ ಚಿಪ್ಪಿ ಹೆಕ್ಕಿ ಜೀವನ ಮಾಡುವವರಿದ್ದಾರೆ, ಸಾಣಿಕಟ್ಟೆಯ ಉಪ್ಪಿನ ಆಗರ ಇದೆ, ಹೊಳೆಯಂಚಿನ ತಗ್ಗಿನ ಗಜನಿ ಗದ್ದೆಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಇದೆ. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಎರಡು ಹೊಳೆಗಳ ನಡುವೆ ಕಾರಿನಲ್ಲಿ ಒಂದು ಗಂಟೆ ದಾರಿ ಅಷ್ಟೇ, ಆದರೆ ಎರಡು ಬೇರೆ ಲೋಕ.

ನನ್ನ ಅಂಗಡಿಗೆ ಬರುವ ಪಂಪ್‌ಸೆಟ್‌ಗಳು ಓಡುವುದು ಇದೇ ಕರೆಂಟಿನಲ್ಲಿ ತಾನೇ? ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವವರು ಜಾಸ್ತಿ ಆದಷ್ಟೂ ಮೋಟಾರ್ ಸುಡುತ್ತದೆ, ನನಗೆ ದುಡ್ಡು. ಅದೇ ಹೊತ್ತಿಗೆ ಕೆಳಗೆ ನನ್ನ ಗಾಳಕ್ಕೆ ಬರಬೇಕಾದ ಮೀನು ಕಡಲಿಗೆ ಓಡಿರುತ್ತದೆ. ಇದನ್ನು ಹೇಳಿದಾಗ ಷಡ್ಡಕ ಬಿದ್ದು ಬಿದ್ದು ನಕ್ಕರು. ನನಗೆ ಅಷ್ಟೇನೂ ನಗು ಬರಲಿಲ್ಲ. ಅವತ್ತು ತದಡಿಯಲ್ಲಿ ಷಡ್ಡಕನಿಗೆ ಬಾರಾಮುಂಡಿ ಬಿತ್ತು, ನಾಲ್ಕು ಕೆಜಿ. ಎರಡು ಸಲ ನೀರಿನಿಂದ ಮೇಲೆ ಹಾರಿ ತಲೆ ಒದರಿತು. ಸೆಪ್ಟೆಂಬರ್‌ನ ಊದಿದ ಮುಖ ಅವತ್ತು ಇಳಿಯಿತು.

ಈಗ ಬೈಗುಳ. ಫೆಬ್ರವರಿ ಟ್ರಿಪ್‌ನಲ್ಲಿ ದಂಡೆಯಿಂದ ಸುಮಾರು ದೂರ ಹೋದ ಮೇಲೆ ಇಂಜಿನ್ ಕೆಮ್ಮಲು ಶುರು ಮಾಡಿತು. ಆ ಸದ್ದು ಕೇಳಿದ ಕೂಡಲೇ ಪೆಟ್ರೋಲ್‌ನಲ್ಲಿ ನೀರು ಸೇರಿದೆ ಅಂತ ನನಗೆ ಗೊತ್ತಾಯಿತು. ನಿಂತೇಹೋಯಿತು. ಲಂಗರು ಹಾಕಿದರು, ಪುಣ್ಯಕ್ಕೆ ಹಿಡಿಯಿತು. ಬದಲಿ ಫಿಲ್ಟರ್ ದೋಣಿಯಲ್ಲಿ ಇರಲಿಲ್ಲ. ವೈರ್‌ಲೆಸ್ ಸೆಟ್ ಇತ್ತು, ಬ್ಯಾಟರಿ ಸತ್ತಿತ್ತು. ನಾನೇ ಫಿಲ್ಟರ್ ಬಿಚ್ಚಿ ನೀರು ಚೆಲ್ಲಿ, ಒರೆಸಿ ಹಾಕಿದೆ. ನಲವತ್ತು ನಿಮಿಷ. ಮೋಟಾರ್ ರಿಪೇರಿಯವನು ದೋಣಿಯಲ್ಲಿ ಇಲ್ಲದಿದ್ದರೆ? ಅಣ್ಣ ನಾಚಿಕೊಂಡರು, ಆದರೆ ನಾಚಿಕೆಯಿಂದ ಇಂಜಿನ್ ಓಡುವುದಿಲ್ಲ. ಏಪ್ರಿಲ್‌ಗೆ ಹೋದಾಗ ಎರಡು ಫಿಲ್ಟರ್ ಇಟ್ಟಿದ್ದರು, ಬ್ಯಾಟರಿಯೂ ಹೊಸದು. ಕೋಸ್ಟ್ ಗಾರ್ಡ್‌ನ 1554 ನಂಬರನ್ನು ದೋಣಿಯ ಒಳಗೆ ಪೇಂಟಿನಲ್ಲಿ ಬರೆಸಿದ್ದರು.

ಲೈಫ್ ಜಾಕೆಟ್ ಆರಿತ್ತು, ಎರಡರ ಬಕ್ಕಲ್ ಮುರಿದಿತ್ತು. ನಾನು ತೊಂಬತ್ತು ಕೆಜಿ ಆಸಾಮಿ, ನನ್ನ ಅಳತೆಯದು ಒಂದೂ ಇಲ್ಲ. ಸ್ವಂತದ್ದು ತಗೊಂಡು ಹೋಗಿ. ಅವರು ಕೊಡುವ ರಾಡ್, ರೀಲ್ ಕೂಡ ಮುಟ್ಟಬೇಡಿ. ರೀಲ್ ಒಳಗೆ ಮರಳು ಕರಕರ ಅನ್ನುತ್ತದೆ. ಏಳೆಂಟು ಅಡಿಯ ಒಂದು ಸ್ಪಿನ್ನಿಂಗ್ ರಾಡ್, 4000 ಸೈಜಿನ ರೀಲ್, ಮೂವತ್ತು ಪೌಂಡ್ ಬ್ರೇಡ್ (ಹೆಣೆದ ದಾರ) ಇದ್ದರೆ ಹೊಳೆಗೂ ಸಾಕು, ಕಡಲಿಗೂ ಸಾಕು. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಊಟದ ಬಗ್ಗೆ ಮಾತ್ರ ತಕರಾರಿಲ್ಲ. ಕುಚ್ಚಲಕ್ಕಿ ಅನ್ನ, ಆಗ ತಾನೇ ಹಿಡಿದ ಬಂಗಡೆಯ ಸಾರು, ಶೆಟ್ಲಿ (ಸಿಗಡಿ) ಸುಕ್ಕ. ಅತ್ತಿಗೆ ಎರಡನೇ ಸಲ ಕೇಳದೆಯೇ ಬಡಿಸುತ್ತಾರೆ. ಆಮೇಲೆ ಘಟ್ಟ ಹತ್ತುವಾಗ ಡ್ರೈವ್ ಮಾಡುವವನಿಗೆ ನಿದ್ದೆ, ಅದೊಂದು ಕಷ್ಟ.

ಏಪ್ರಿಲ್ ಟ್ರಿಪ್ ಅರ್ಧಕ್ಕೇ ಮುಗಿಯಿತು. ಗಾಳಿ ಇಲ್ಲ, ಮೋಡ ಇಲ್ಲ, ಆದರೂ ಉದ್ದುದ್ದ ಅಲೆ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ಕೆಲವು ದಿನ ಬಿಟ್ಟು ನಮ್ಮ ದಂಡೆಗೆ ಬರುವುದು. ಕೇರಳದವರು ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಹೈದರಾಬಾದಿನ ಇನ್‌ಕಾಯ್ಸ್‌ನವರು ಇಂಥದ್ದಕ್ಕೆ ಮುನ್ಸೂಚನೆ ಕೊಡುತ್ತಾರೆ. ಅದನ್ನು ಹಿಂದಿನ ರಾತ್ರಿ ನೋಡುವ ಅಭ್ಯಾಸ ನನಗೆ ಅವತ್ತಿನಿಂದ ಬಂತು.

ಮೇ 25ಕ್ಕೆ ಕೊನೆಯ ಟ್ರಿಪ್ ಇಟ್ಟುಕೊಂಡಿದ್ದೆವು. ಹಿಂದಿನ ದಿನವೇ, ಮೇ 24ಕ್ಕೆ, ಮುಂಗಾರು ಕೇರಳಕ್ಕೆ ಬಂದುಬಿಟ್ಟಿತು. ಸಾಮಾನ್ಯವಾಗಿ ಜೂನ್ 1ಕ್ಕೆ ಬರಬೇಕಾದ್ದು. ಮೇ ಕೊನೆಯ ವಾರಕ್ಕೆ ಟ್ರಿಪ್ ಇಟ್ಟಿದ್ದು ನಮ್ಮದೇ ದಡ್ಡತನ. ಅಕ್ಟೋಬರ್‌ದಕ್ಕೆ ಬದಲಿಯಾಗಿ ಮಾರ್ಚ್‌ನಲ್ಲಿ ಒಂದು ಬುಧವಾರ ಕೊಟ್ಟಿದ್ದರು, ಪಂಪ್‌ಸೆಟ್ ಸೀಸನ್‌ನಲ್ಲಿ ಅಂಗಡಿ ಬಿಟ್ಟು ನಾನು ಎಲ್ಲಿಗೆ ಹೋಗಲಿ? ಎಂಟರಲ್ಲಿ ಎರಡು ಹೋದವು. ದುಡ್ಡು ವಾಪಸ್ ಇಲ್ಲ. ಮೇ ತಿಂಗಳದನ್ನು ಮಾತ್ರ ಮುಂದಿನ ವರ್ಷಕ್ಕೆ ಜಮಾ ಹಾಕುತ್ತೇನೆ ಅಂದರು. ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಬೇಕಿತ್ತು.

ನನ್ನ ಹೆಂಡತಿಯ ವಿಮರ್ಶೆ ಚಿಕ್ಕದು. ಮನೆಗೆ ಬಂದ ಮೀನಿನ ತೂಕ ಹಾಕಿ, ಹತ್ತು ಸಾವಿರವನ್ನು ಭಾಗಿಸಿ, "ಮೀನಿನ ಗಾಡಿಯವನು ಬಾಗಿಲಿಗೇ ತಂದು ಕೊಡುತ್ತಾನಲ್ಲ" ಅಂದಳು.

ಈ ವರ್ಷವೂ ಕಟ್ಟುತ್ತಿದ್ದೇವೆ, ಆದರೆ ಆರು ಟ್ರಿಪ್‌ಗೆ. ನವೆಂಬರ್‌ನಿಂದ ಮಾರ್ಚ್ ಮೊದಲ ವಾರದೊಳಗೆ ಎಲ್ಲ ಮುಗಿಯಬೇಕು. ಎರಡು ತದಡಿಯಲ್ಲಿ. ಪ್ರತಿ ಟ್ರಿಪ್‌ಗೂ ಒಂದು ಬದಲಿ ಭಾನುವಾರ ಈಗಲೇ ಗುರುತು ಹಾಕಿದ್ದೇವೆ, ಅದೇ ನೀರಿಗೆ ಬರುವ ಎರಡು ವಾರದ ಆಚೆಯದು. ಜಾಕೆಟ್ ನಮ್ಮದೇ. ನಾಲ್ಕನೆಯವನಿಗೆ ಬೆಳಗಾವಿಗೆ ವರ್ಗ ಆಗಿರುವುದರಿಂದ ಒಂದು ಜಾಗ ಖಾಲಿ ಇದೆ. ಸಾಗರದ ಕಡೆಯವರು ಯಾರಾದರೂ ಬರುವುದಿದ್ದರೆ ಬನ್ನಿ. ರಾತ್ರಿ ಎರಡೂವರೆಗೆ ಏಳಬೇಕು, ದೋಣಿಯಲ್ಲಿ ಮೊಬೈಲ್‌ನಲ್ಲಿ ಹಾಡು ಹಾಕುವ ಹಾಗಿಲ್ಲ.