ಸಲಹೆ ಓದಿದ ಮೇಲೆ ತೋಟದಲ್ಲಿ ಏನು ಬದಲಾಯಿತು? ಒಂದು ತೋಟಗಾರಿಕೆ ಮಾಸಪತ್ರಿಕೆಯ ವಿಮರ್ಶೆ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಬೆಳೆಗಾರರಿಗೆಂದು ಪ್ರತಿ ತಿಂಗಳು ಅಂಚೆಯಲ್ಲಿ ಬರುವ ಸಲಹಾ ಪತ್ರಿಕೆಯೊಂದಕ್ಕೆ ಚನ್ನಗಿರಿ ಸೀಮೆಯ ನಮ್ಮಂಥ ಅಡಿಕೆ ಬೆಳೆಗಾರರು ಹಲವರು ಚಂದಾದಾರರಾಗಿದ್ದೇವೆ. ಈಚಿನ ಒಂದು ಸಂಚಿಕೆಯೊಳಗೆ ಸಮೀಕ್ಷೆಯ ನಮೂನೆಯಿತ್ತು. ‘ಪತ್ರಿಕೆ ನಿಮಗೆ ಉಪಯುಕ್ತವಾಗಿದೆಯೇ?’ ಎಂಬ ಪ್ರಶ್ನೆಗೆ ‘ತುಂಬಾ’, ‘ಸಾಧಾರಣ’, ‘ಇಲ್ಲ’ ಎಂಬ ಮೂರು ಚೌಕಗಳನ್ನು ಕೊಟ್ಟಿದ್ದರು. ದಾಕ್ಷಿಣ್ಯಕ್ಕಾದರೂ ನಮ್ಮ ಕಡೆ ಯಾರೂ ‘ಇಲ್ಲ’ ಎಂದು ಗುರುತು ಹಾಕುವುದಿಲ್ಲವಾದ್ದರಿಂದ, ಆ ನಮೂನೆಯಿಂದ ತಿಳಿಯುವುದು ಓದುಗರ ಸೌಜನ್ಯವೇ ಹೊರತು ಪತ್ರಿಕೆಯ ಪ್ರಯೋಜನವಲ್ಲ. ಓದಿದವನು ತೋಟದಲ್ಲಿ ಯಾವ ಕೆಲಸವನ್ನು ಬೇರೆ ರೀತಿ ಮಾಡಿದ, ಯಾವ ಖರ್ಚನ್ನು ಕೈಬಿಟ್ಟ ಎಂಬುದೇ ಅಳತೆಯಾಗಬೇಕು. ಈ ವಿಮರ್ಶೆಯೂ ಅದೇ ಅಳತೆಯನ್ನು ಹಿಡಿದು ಬರೆದದ್ದು.

ಆ ಅಳತೆಗೆ ಪತ್ರಿಕೆಯ ಅತ್ಯುತ್ತಮ ಬರಹ ಹಿಡಿಮುಂಡಿಗೆ ರೋಗದ ಮೇಲಿನದು. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತದ ಗದ್ದೆಗಳನ್ನೇ ಅಡಿಕೆ ತೋಟ ಮಾಡಿಕೊಂಡವರು ಬಹಳ. ಇಂಥ ನೆಲದಲ್ಲಿ ನೀರು ಬಸಿದು ಹೋಗದೆ, ಗಟ್ಟಿ ಪದರದ ಮೇಲೆ ಬೇರು ಉಸಿರಾಡಲಾಗದೆ, ಸುಳಿಯ ಎಲೆಗಳು ಗಿಡ್ಡವಾಗಿ ಮುದುಡಿಕೊಂಡು ನಿಲ್ಲುತ್ತವೆ. ಅದನ್ನು ಕಂಡ ಕೂಡಲೇ ಅಂಗಡಿಗೆ ಓಡಿ ಔಷಧಿ ತರುವುದು ರೂಢಿ. ಪತ್ರಿಕೆ ಹಾಗೆ ಮಾಡಬೇಡಿ, ಮೊದಲು ಬಸಿಗಾಲುವೆ ತೆಗೆಯಿರಿ, ಬುಡದ ಮಣ್ಣು ಸಡಿಲಿಸಿರಿ ಎಂದು ನೇರವಾಗಿ ಬರೆಯಿತು. ಆ ಬೇಸಿಗೆಯಲ್ಲಿ ನಮ್ಮ ಸುತ್ತಿನ ಕೆಲವು ತೋಟಗಳಲ್ಲಿ ಜೆಸಿಬಿ ಇಳಿದದ್ದನ್ನು ರಸ್ತೆಯಿಂದಲೇ ಕಾಣಬಹುದಿತ್ತು. ಕಾಲುವೆ ತೆಗೆಸಿದವರಲ್ಲಿ ಪತ್ರಿಕೆ ಓದಿದವರೆಷ್ಟು, ಪಕ್ಕದವರನ್ನು ನೋಡಿ ತೆಗೆಸಿದವರೆಷ್ಟು ಎಂದು ಒಬ್ಬರು ತಿರುಗಾಡಿ ಕೇಳಿದ್ದರೆ, ಚೌಕದ ಪ್ರಶ್ನೆಗಿಂತ ಗಟ್ಟಿಯಾದ ಉತ್ತರ ಸಿಗುತ್ತಿತ್ತು.

ಗೊಬ್ಬರದ ಪುಟವೂ ಮೆಚ್ಚುವಂಥದ್ದೇ, ಆದರೆ ಅರ್ಧಕ್ಕೆ ನಿಂತಿದೆ. ಫಸಲು ಕೊಡುವ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸನ್ನು ಎಲ್ಲರೂ ಅಚ್ಚು ಹಾಕುತ್ತಾರೆ. ಇವರು ಅದನ್ನು ಸುಮಾರು 217 ಗ್ರಾಂ ಯೂರಿಯಾ, 250 ಗ್ರಾಂ ಸೂಪರ್ ಫಾಸ್ಫೇಟ್, 233 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದು ಬಿಡಿಸಿ ಕೊಟ್ಟಿದ್ದಾರೆ. ಅಳತೆ ಡಬ್ಬ ಹಿಡಿದು ಬುಡಕ್ಕೆ ಹೋಗುವವನಿಗೆ ಬೇಕಾದದ್ದು ಈ ಲೆಕ್ಕ. ಆದರೆ ಅಂಗಡಿಯಲ್ಲಿ ಬರಿಯ ಪೊಟ್ಯಾಷ್ ಇಲ್ಲವೆಂದು ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇ. 17ರಷ್ಟಿರುವ 17:17:17 ಚೀಲ ಎತ್ತಿ ಕೊಟ್ಟಾಗ ಏನು ಮಾಡಬೇಕು ಎಂಬುದಕ್ಕೆ ಒಂದು ಸಾಲೂ ಇಲ್ಲ. ಆ ಗೊಬ್ಬರದಿಂದಲೇ 140 ಗ್ರಾಂ ಪೊಟ್ಯಾಷ್ ತುಂಬಿಸಲು ಹೊರಟರೆ ಮರಕ್ಕೆ 820 ಗ್ರಾಂಗೂ ಹೆಚ್ಚು ಹಾಕಬೇಕಾಗುತ್ತದೆ. ರಂಜಕ ಬೇಕಾದದ್ದರ ಮೂರೂವರೆ ಪಟ್ಟು ಆಗಿ ಹಣ ಮಣ್ಣುಪಾಲಾಗುತ್ತದೆ.

ಪತ್ರಿಕೆಯ ದೊಡ್ಡ ದೋಷವೆಂದರೆ ವೇಳೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ತಯಾರಿಸುವ ವಿಧಾನವನ್ನು ಇಷ್ಟು ಚೊಕ್ಕವಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ಎರಡನ್ನೂ ಬೇರೆ ಬೇರೆಯಾಗಿ ಐವತ್ತೈವತ್ತು ಲೀಟರ್ ನೀರಿನಲ್ಲಿ ಕರಗಿಸಿ ಬೆರೆಸುವುದು, ಕಬ್ಬಿಣದ ಪಾತ್ರೆ ಬಳಸದಿರುವುದು, ಹೊಳಪಿರುವ ಚಾಕುವಿನ ಅಲಗನ್ನು ಅದ್ದಿ ನೋಡಿ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸುವುದು, ಎಲ್ಲವೂ ಅದರಲ್ಲಿತ್ತು. ಆದರೆ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ ಆಗಬೇಕು. ಸಂಚಿಕೆ ಕೈಸೇರಿದ್ದು ಮಳೆ ಶುರುವಾದ ಮೇಲೆ. ಔಷಧಿ ಹೊಡೆಯುವ ಗೊನೆಗಾರರಿಗೆ ಜನ ಮೇ ತಿಂಗಳಿನಲ್ಲಿಯೇ ಮುಂಗಡ ಕೊಟ್ಟಿರುತ್ತಾರೆ. ಎಷ್ಟೇ ಒಳ್ಳೆಯ ಸಲಹೆಯಾದರೂ ಮರ ಹತ್ತುವವನು ಸಿಗದ ವಾರದಲ್ಲಿ ಬಂದರೆ ಅದರ ಪ್ರಯೋಜನ ಸೊನ್ನೆ.

ಇನ್ನೊಂದು ವಿಷಯವನ್ನು ಸಂಪಾದಕರು ಗಮನಿಸಿದಂತಿಲ್ಲ. ಫಸಲನ್ನು ಮರದಲ್ಲಿರುವಾಗಲೇ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಪತ್ರಿಕೆ ಹೋಗುವುದು ತೋಟದ ಯಜಮಾನನ ಮನೆಗೆ. ಕೊಯ್ಲು ಯಾವಾಗ, ಬೇಯಿಸುವುದು ಹೇಗೆ, ಒಣಗಿಸುವುದು ಎಷ್ಟು ಎಂದು ನಿರ್ಧರಿಸುವವನು ಚೇಣಿದಾರ. ಚಂದಾದಾರರ ಸಂಖ್ಯೆಯನ್ನು ಮುಂದಿಟ್ಟು ಹೆಮ್ಮೆಪಡುವ ಪತ್ರಿಕೆ, ಕೊಯ್ಲಿನ ಪುಟಗಳನ್ನು ತಪ್ಪು ವಿಳಾಸಕ್ಕೆ ಕಳುಹಿಸುತ್ತಿದೆ.

ಚಂದಾದಾರರ ತೋಟಗಳು ಉಳಿದವರ ತೋಟಗಳಿಗಿಂತ ಚೆನ್ನಾಗಿವೆ ಎಂದು ಒಂದು ಸಂಪಾದಕೀಯದಲ್ಲಿ ಬರೆದುಕೊಂಡಿದ್ದರು. ಇರಬಹುದು. ಆದರೆ ದುಡ್ಡು ಕೊಟ್ಟು ಸಲಹೆ ತರಿಸಿಕೊಳ್ಳುವವನು ಮೊದಲಿನಿಂದಲೂ ಜಾಗರೂಕ ಬೆಳೆಗಾರನೇ ಆಗಿರುತ್ತಾನೆ. ಅವನ ಶ್ರಮದ ಫಲವನ್ನು ಪತ್ರಿಕೆ ತನ್ನ ಖಾತೆಗೆ ಬರೆದುಕೊಳ್ಳುವುದು ನ್ಯಾಯವಲ್ಲ. ಮಳೆ ಕಡಿಮೆಯಾದ ವರ್ಷ ಕೊಳೆರೋಗ ತಾನಾಗಿಯೇ ತಗ್ಗುವುದರಿಂದ ಹಿಂದಿನ ವರ್ಷದೊಡನೆ ಹೋಲಿಸಿದರೂ ಲೆಕ್ಕ ತಪ್ಪುತ್ತದೆ. ಒಂದೇ ಊರಿನ, ಒಂದೇ ನೀರಿನ ಆಸರೆಯ ಕೆಲವು ತೋಟಗಳನ್ನು ಆರಿಸಿ, ಒಂದು ನಿರ್ದಿಷ್ಟ ಸಲಹೆಯನ್ನಷ್ಟೇ ಹಿಡಿದು, ಸಂಚಿಕೆ ತಲುಪುವ ಮುನ್ನ ಒಮ್ಮೆ ಮತ್ತು ಕೊಯ್ಲು ಮುಗಿದ ಮೇಲೆ ಒಮ್ಮೆ ಹೋಗಿ ಕೇಳಿದರೆ, ಸತ್ಯಕ್ಕೆ ಹತ್ತಿರದ ಉತ್ತರ ದೊರೆಯುತ್ತದೆ. ಬೇಡದ ಔಷಧಿಯನ್ನು ಹೊಡೆಯದೆ ಬಿಟ್ಟವರನ್ನೂ ಆಗ ಮರೆಯದೆ ಎಣಿಸಬೇಕು, ಏಕೆಂದರೆ ಆ ಉಳಿತಾಯ ಯಾವ ಫಸಲಿನ ತೂಕದಲ್ಲಿಯೂ ಕಾಣುವುದಿಲ್ಲ.

ದಾಳಿಂಬೆಯ ಪುಟಗಳು ಸಪ್ಪೆ. ದುಂಡಾಣು ಅಂಗಮಾರಿಯ ಚಿತ್ರಗಳು ಮಸಿಯಲ್ಲಿ ಮುಳುಗಿವೆ. ಕಾಯಿಯ ಮೇಲಿನ ಎಣ್ಣೆಯಂಥ ಕಲೆಯನ್ನು ಕಪ್ಪು ಬಿಳುಪಿನಲ್ಲಿ ಗುರುತಿಸುವುದು ಯಾರಿಂದಲೂ ಆಗದು.

ವರ್ಷದ ಚಂದಾ ಒಂದು ಚೀಲ ಯೂರಿಯಾದ ಬೆಲೆಗಿಂತ ಕಡಿಮೆ. ನಾಲೆ ನೀರಿನಲ್ಲಿ ಅಡಿಕೆ ಇಟ್ಟಿರುವವರು ಧೈರ್ಯವಾಗಿ ತರಿಸಿಕೊಳ್ಳಬಹುದು; ಬಸಿಗಾಲುವೆಯ ಲೇಖನವೊಂದರಿಂದಲೇ ಹಣ ಹುಟ್ಟುತ್ತದೆ. ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರು ಮಾತ್ರ ಸದ್ಯಕ್ಕೆ ಇದನ್ನು ನೆಚ್ಚಿಕೊಳ್ಳದೆ, ರೋಗ ಹತ್ತಿದ ಕಾಯಿಯನ್ನೇ ಚೀಲದಲ್ಲಿ ಹಾಕಿಕೊಂಡು ಬಬ್ಬೂರು ಫಾರಂನ ಸಂಶೋಧನಾ ಕೇಂದ್ರಕ್ಕೆ ಹೋಗಿ ತೋರಿಸುವುದು ಮೇಲು.