ಸ್ಪೀಕರ್ ಗುಂಯ್ ಅಂದ್ರೆ ಅರ್ಥ್ ವೈರ್ ಕತ್ತರಿಸೋಕೆ ಬಿಡಬೇಡಿ

ಮನೆಯ ಸೌಂಡ್ ಸಿಸ್ಟಂನಲ್ಲಿ ಏನೋ ಸದ್ದು ಬರ್ತಿದೆ ಅಂತ ರಿಪೇರಿಯವರನ್ನು ಕರೆಸುವ ಮುಂಚೆ ಇದನ್ನೊಮ್ಮೆ ಓದಿ. ಸುಮ್ನೆ ಬೋರ್ಡ್ ಬದಲಿಸಿದರೆ ದುಡ್ಡು ಹೋಗುತ್ತದೆ ಅಷ್ಟೇ. ಅರ್ಥ್ ವೈರ್ (ಸೆಟ್ಟಿನ ಲೋಹದ ಮೈಗೆ ಬಂದ ಕರೆಂಟನ್ನು ನೆಲಕ್ಕೆ ಒಯ್ಯುವ ಹಸಿರು ವೈರ್) ಕತ್ತರಿಸಿದರೆ ಜೀವಕ್ಕೇ ಕುತ್ತು. ನಮ್ಮ ಮನೆಯಲ್ಲಿ ಎರಡೂ ಆಯಿತು.

ನಾವಿರುವುದು ಬಾಗಲಕೋಟೆ ನವನಗರದಲ್ಲಿ. ಸಂಜೆ ಗಂಗೂಬಾಯಿ ಹಾನಗಲ್ ಹಾಡು ಹಾಕಿದರೆ ತಂಬೂರಿ ಜೊತೆ ಒಂದು ಚಿರ್ರ್ ಸದ್ದು ಸೇರಿಕೊಳ್ಳುತ್ತಿತ್ತು, ಹಗಲು ಇರುತ್ತಿರಲಿಲ್ಲ. ಅದಲ್ಲದೆ ಗುಂಯ್ ಅನ್ನುವುದೊಂದು ಯಾವಾಗಲೂ ಇತ್ತು. ರಿಪೇರಿಯವ ಬಂದ, ಮುಚ್ಚಳ ಬಿಚ್ಚಿದ, "ಐಸಿ ಹೋಗ್ಯಾವ್ರಿ ಸರ, ಬೋರ್ಡೇ ಹಾಕಬೇಕಾಗ್ತದ" ಅಂದ. ಐಸಿ, ಅಂದರೆ ಬೋರ್ಡಿನ ಚಿಪ್, ಹೋಗಿದ್ದರೆ ಹಗಲು ಹೇಗಪ್ಪ ಸರಿ ಇರುತ್ತದೆ ಅಂದರೆ, "ಸಂಜಿಗೆ ವೋಲ್ಟೇಜ್ ಕಡಿಮಿ ಇರ್ತದಲ್ರಿ" ಅಂತ ಉತ್ತರ ರೆಡಿ ಇತ್ತು. ಹೊಸ ಬೋರ್ಡ್ ಬಂತು, ಎರಡೂ ಸದ್ದು ಹಾಗೇ ಇದ್ದವು. ಆಮೇಲೆ ಪ್ಲಗ್ ಬಿಚ್ಚಿ ಏನೋ ಮಾಡಿದ, ಗುಂಯ್ ನಿಂತಿತು. "ನೋಡ್ರಿ, ಹೋತಲ್ಲ!" ದುಡ್ಡು ತಗೊಂಡು ಹೋದ.

ಒಂದಿನ ಅವ್ವ ಒದ್ದೆ ಬಟ್ಟೆಯಲ್ಲಿ ಆಂಪ್ಲಿಫೈಯರ್ ಒರೆಸಲು ಹೋಗಿ ಕೈ ಎಳೆದುಕೊಂಡಳು. "ಏ ಇದು ಜುಮ್ ಅಂತದ ನೋಡೋ." ಟೆಸ್ಟರ್ ಇಟ್ಟರೆ ಲೈಟ್ ಹತ್ತಿತು. ಪ್ಲಗ್ ಬಿಚ್ಚಿದರೆ ಒಳಗೆ ಆ ರಿಪೇರಿಯವ ಹಸಿರು ಅರ್ಥ್ ವೈರ್ ಕತ್ತರಿಸಿ, ತುದಿಗೆ ಕಪ್ಪು ಟೇಪ್ ಸುತ್ತಿ, ಅಚ್ಚುಕಟ್ಟಾಗಿ ಮಡಚಿ ಇಟ್ಟಿದ್ದ. ಗೊತ್ತಿದ್ದೇ ಮಾಡಿದ್ದು, ಅಲ್ವಾ?

ಅರ್ಥ್ ಇಲ್ಲದಿದ್ದರೆ ಎಸ್‌ಎಂಪಿಎಸ್ (ಈಗಿನ ಹಗುರ ಪವರ್ ಸಪ್ಲೈ) ಇರುವ ಸೆಟ್ಟಿನ ಲೋಹದ ಮೈಗೆ 230 ವೋಲ್ಟಿನ ಅರ್ಧದಷ್ಟು ಬಂದು ಕೂರುತ್ತದೆ. ಕರೆಂಟ್ ತೀರಾ ಸಣ್ಣದು, ಹಾಗಾಗಿ ಬರೀ ಜುಮ್. ಆದರೆ ಒಳಗೆ ಫೇಸ್ ವೈರ್ ಮೈಗೆ ತಾಗಿದರೆ ಪೂರ್ತಿ 230 ಅಲ್ಲೇ ಇರುತ್ತದೆ, ಫ್ಯೂಸೂ ಹೋಗುವುದಿಲ್ಲ. ಗುಂಯ್ ಅನ್ನುವುದು 50 ಹರ್ಟ್ಸ್ ಕರೆಂಟಿನ ಸದ್ದು, ನಮ್ಮಲ್ಲಿ ಅದು ಬರುತ್ತಿದ್ದದ್ದು ಸೆಟ್‌ಟಾಪ್ ಬಾಕ್ಸಿನ ಕೇಬಲ್ ವೈರಿನಿಂದ. ಕೇಬಲ್ಲಿಗೆ ಬೇರೆ ಕಡೆ ಅರ್ಥ್, ಆಂಪ್ಲಿಫೈಯರಿಗೆ ಮನೆಯ ಅರ್ಥ್, ಎರಡರ ನಡುವೆ ಕರೆಂಟ್ ಸುತ್ತುತ್ತಿತ್ತು, ಅದಕ್ಕೇ ಅರ್ಥ್ ಕತ್ತರಿಸಿದಾಗ ನಿಂತದ್ದು. ಅರ್ಥ್ ವಾಪಸ್ ಸೇರಿಸಿದಾಗ ಗುಂಯ್ ಮತ್ತೆ ಬಂತು, ಆ ಕೇಬಲ್ ವೈರ್ ಕಿತ್ತರೆ ಬಂದ್. ಈಗ ಟಿವಿಯಿಂದ ಆಂಪ್ಲಿಫೈಯರಿಗೆ ಆಪ್ಟಿಕಲ್ ಕೇಬಲ್ ಹಾಕಿದ್ದೇವೆ, ಅದರಲ್ಲಿ ಬೆಳಕು ಹೋಗುತ್ತದೆಯೇ ಹೊರತು ಕರೆಂಟ್ ಹೋಗುವುದಿಲ್ಲ. ಈಗ ಅರ್ಥೂ ಇದೆ, ಗುಂಯ್ ಇಲ್ಲ. (ನಮ್ಮ ಕಡೆ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಹೋಗುತ್ತದೆ, ಒಂದೆರಡು ಕೊಡ ನೀರು ಹಾಕುತ್ತಿರಿ.)

ಚಿರ್ರ್ ಸದ್ದಿನ ಕಥೆಯೇ ಬೇರೆ. ಅದನ್ನು ಹಿಡಿದದ್ದು ಅಪ್ಪನ ಹಳೇ ಟ್ರಾನ್ಸಿಸ್ಟರ್ ರೇಡಿಯೋ. ಮೀಡಿಯಂ ವೇವ್‌ನಲ್ಲಿ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಬಿಟ್ಟು ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಸೆಲ್ ಹಾಕಿಕೊಂಡು ಮನೆಯೆಲ್ಲ ಓಡಾಡಿದೆ. ಗೇಟಿನ ಹತ್ತಿರ ಹೋದಂತೆ ಅದೇ ಚಿರ್ರ್ ಜೋರಾಯಿತು, ಅಲ್ಲಿದ್ದ ಅಗ್ಗದ ಎಲ್‌ಇಡಿ ಫ್ಲಡ್ ಲೈಟ್ ಆರಿಸಿದ ತಕ್ಷಣ ರೇಡಿಯೋ, ಸ್ಪೀಕರ್ ಎರಡೂ ಸುಮ್ಮನಾದವು. ಸಂಜೆಗೆ ಮಾತ್ರ ಯಾಕೆ ಬರುತ್ತಿತ್ತು ಅಂತ ಆಗ ಗೊತ್ತಾಯಿತು! ಇಂಥ ಲೈಟಿಗೆ ಕರೆಂಟ್ ಕೊಡುವ ಡ್ರೈವರ್ ಸರ್ಕ್ಯೂಟ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಆಗುತ್ತದೆ, ಅಗ್ಗದ್ದರಲ್ಲಿ ಫಿಲ್ಟರ್ ಸರಿಯಾಗಿ ಇರುವುದಿಲ್ಲ. ಆ ಗಲೀಜೆಲ್ಲ ಮನೆ ವೈರಿಂಗ್ ಹಿಡಿದು ಹರಡುತ್ತದೆ, ಉದ್ದನೆಯ ಸ್ಪೀಕರ್ ವೈರ್ ಆಂಟೆನಾ ಆಗಿ ಹಿಡಿಯುತ್ತದೆ, ಆಂಪ್ಲಿಫೈಯರ್ ಒಳಗಿನ ಟ್ರಾನ್ಸಿಸ್ಟರ್ ಅನ್ನುವ ಸಣ್ಣ ಭಾಗ ಅದನ್ನು ಕಿವಿಗೆ ಕೇಳುವ ಸದ್ದು ಮಾಡುತ್ತದೆ. ಲೈಟ್ ಬದಲಿಸಿದೆವು, ಸ್ಪೀಕರ್ ವೈರನ್ನು ಫೆರೈಟ್ ರಿಂಗಿಗೆ (ಇಂಥ ಗಲೀಜು ತಡೆಯುವ ಬಳೆ) ನಾಲ್ಕೈದು ಸುತ್ತು ಸುತ್ತಿದೆವು. ಒಂದೇ ಸುತ್ತು ಹಾಕಿದರೆ ಅಷ್ಟೇನೂ ಉಪಯೋಗ ಇಲ್ಲ.

ನಿಮ್ಮಲ್ಲೂ ಸದ್ದಿದ್ದರೆ ಮೊದಲು ವಾಲ್ಯೂಮ್ ತಿರುಗಿಸಿ ನೋಡಿ. ಸದ್ದೂ ಜೊತೆಗೆ ಏರಿಳಿದರೆ ಅದು ವಾಲ್ಯೂಮಿಗಿಂತ ಮುಂಚೆಯೇ ಒಳಗೆ ಬರುತ್ತಿದೆ. ಹಾಗಿದ್ದರೆ ಇನ್‌ಪುಟ್ ವೈರ್ ಒಂದೊಂದಾಗಿ ಕೀಳಿ. ಏರಿಳಿಯದಿದ್ದರೆ ಸ್ಪೀಕರ್ ವೈರ್, ಕರೆಂಟ್ ಕಡೆ ನೋಡಿ. ಕಾಲ್ ಬರುವ ಮುಂಚೆ ಮಾತ್ರ ಡರ್ರ್ ಡರ್ರ್ ಅಂದರೆ ಅದು 2ಜಿ ಫೋನ್, ದೂರ ಇಟ್ಟರೆ ಸಾಕು. ಇಷ್ಟು ನೋಡದೆ ಯಾರಾದರೂ "ಬೋರ್ಡ್ ಹೋಗೇದ" ಅಂದರೆ ಸ್ಕ್ರೂಡ್ರೈವರ್ ಮುಟ್ಟಲು ಬಿಡಬೇಡಿ. ಬದಲಿಸಲೇಬೇಕಾಗಿ ಬಂದರೂ ಹಳೇ ಬೋರ್ಡ್ ಇಸಿದುಕೊಳ್ಳಿ. ನಮ್ಮದನ್ನು ಕೇಳಿದ್ದಕ್ಕೆ "ಒಗದೆ ರೀ" ಅಂದ, ಚೆನ್ನಾಗಿಯೇ ಇದ್ದ ಬೋರ್ಡದು.