ಡ್ಯೂಪ್ಲೆಕ್ಸ್ ಫ್ಲ್ಯಾಟ್ ಮಾರಲು ಆ್ಯಪ್, ಅಪಾರ್ಟ್‌ಮೆಂಟ್ ಗ್ರೂಪ್, ಬ್ರೋಕರ್: ಮೂರನ್ನೂ ನೋಡಿದ್ದಾಯಿತು
ಬೆಂಗಳೂರಿನ ಜೆ.ಪಿ. ನಗರದ ನಮ್ಮ ಫ್ಲ್ಯಾಟನ್ನು 2025ರಲ್ಲಿ ಮಾರಿದೆವು. ಟಾಪ್ ಫ್ಲೋರ್, ಡ್ಯೂಪ್ಲೆಕ್ಸ್. ಹಾಲ್ ಮೇಲೆ ಎರಡು ಅಂತಸ್ತಿನಷ್ಟು ಎತ್ತರ, ಒಳಗೇ ಮೆಟ್ಟಿಲು, ಮೇಲೆ ಗೋಡೆಯಿಲ್ಲದ ಒಂದು ತೆರೆದ ರೂಮು. ತುಂಬಾ ಇಷ್ಟಪಟ್ಟು 11 ವರ್ಷ ಇದ್ದ ಮನೆ. ಅತ್ತೆಯ ಮಂಡಿ ನೋವು ಜಾಸ್ತಿಯಾಗಿ ಮೆಟ್ಟಿಲು ಹತ್ತಲು ಆಗದೇ ಹೋದಾಗ ಮಾರಲೇಬೇಕಾಯಿತು. ಆ್ಯಪ್, ಅಪಾರ್ಟ್‌ಮೆಂಟ್‌ನ ವಾಟ್ಸಾಪ್ ಗ್ರೂಪ್, ಏರಿಯಾದ ಬ್ರೋಕರ್, ಮೂರೂ ಕಡೆ ಒಟ್ಟಿಗೇ ಹೇಳಿಟ್ಟೆ.

ಮೊದಲು ಆ್ಯಪ್. ಫೋಟೊ ಹಾಕಿದ ಮೂರೇ ದಿನಕ್ಕೆ 40ಕ್ಕೂ ಹೆಚ್ಚು ಕರೆ ಬಂದವು. ಅರ್ಧಕ್ಕರ್ಧ ಬ್ರೋಕರ್‌ಗಳೇ, "ಮೇಡಂ, ನಮ್ಮ ಹತ್ರ ಪಾರ್ಟಿ ರೆಡಿ ಇದೆ" ಅಂತ. ಜಾಹೀರಾತಿನಲ್ಲಿ 'ಲಾಫ್ಟ್ ಮಾದರಿ ಮನೆ' ಅಂತ ಬರೆದಿದ್ದೆ, ಅದು ನನ್ನ ತಪ್ಪು. ನಮ್ಮಲ್ಲಿ ಲಾಫ್ಟ್ ಅಂದರೆ ಸೂಟ್‌ಕೇಸ್ ಇಡುವ ಅಟ್ಟ ಅಲ್ವಾ, ಅಡುಗೆಮನೆಯಲ್ಲಿ ಎಷ್ಟು ಲಾಫ್ಟ್ ಇದೆ ಅಂತ ಕೇಳುವವರೇ ಜಾಸ್ತಿ. ಇನ್ನೂ ದೊಡ್ಡ ತೊಂದರೆ ಚದರಡಿಯದು. ಪೇಪರ್‌ನಲ್ಲಿ 1,850 ಚದರಡಿ ಸೂಪರ್ ಬಿಲ್ಟ್‌ಅಪ್ (ಗೋಡೆ, ಕಾರಿಡಾರ್, ಲಿಫ್ಟ್‌ನಂಥ ಜಾಗದ ಪಾಲೂ ಸೇರಿದ ಅಳತೆ), ಆದರೆ ಬಿಲ್ಡರ್ ಹಾಲ್ ಮೇಲಿನ ಖಾಲಿ ಜಾಗವನ್ನೂ ಅದರಲ್ಲಿ ಸೇರಿಸಿದ್ದರು, ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸುವ ಜಾಗ, 1,260 ಅಷ್ಟೇ. ಒಬ್ಬ ಹುಡುಗ ಅಳತೆಯ ಟೇಪ್ ತಂದಿದ್ದ. ಎರಡೂ ಮಹಡಿ ಅಳೆದು, ತಲೆಯೆತ್ತಿ ಮೇಲೆ ನೋಡಿ, "ಆಂಟಿ, ಗಾಳಿಗೂ ದುಡ್ಡು ಕೊಡಬೇಕಾ?" ಅಂದ. ಅವನು ಕೇಳಿದ್ದು ಸರಿಯೇ. ಅವತ್ತಿನಿಂದ ಕಾರ್ಪೆಟ್ ಏರಿಯಾವನ್ನೇ ಮೊದಲು ಹೇಳಲು ಶುರು ಮಾಡಿದೆ. ಸುಮ್ನೆ ಬಂದು ಹೋಗುವವರು ಕಡಿಮೆಯಾದರು.

ಗ್ರೂಪಿನಲ್ಲಿ ಬ್ರೋಕರೇಜ್ ಇಲ್ಲ. ಒಸಿ (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಅನುಮತಿ ಪತ್ರ) ಇದೆಯಾ, ನೀರಿಗೆ ಟ್ಯಾಂಕರ್ ಬರುತ್ತಾ, ಮೆಂಟೆನೆನ್ಸ್ ಎಷ್ಟು, ಏನನ್ನೂ ವಿವರಿಸಬೇಕಿಲ್ಲ. ಆದರೆ ಏಪ್ರಿಲ್‌ನಲ್ಲಿ ಟಾಪ್ ಫ್ಲೋರ್ ಹೇಗೆ ಕಾಯುತ್ತದೆ ಅನ್ನುವುದೂ ಅವರಿಗೆ ಗೊತ್ತು. ನಮ್ಮದೇ ಕಟ್ಟಡದಲ್ಲಿ ಬಾಡಿಗೆಗಿದ್ದವರು 15 ಲಕ್ಷ ಕಡಿಮೆಗೆ ಕೇಳಿದರು. ದಿನಾ ಲಿಫ್ಟ್‌ನಲ್ಲಿ ಸಿಗುವವರ ಜೊತೆ ಚೌಕಾಸಿ ಮಾಡುವುದು ಕಷ್ಟ. ಬಾಡಿಗೆಗೆ ಕೊಡುವುದಾದರೆ ಮಾತ್ರ ಗ್ರೂಪ್ ಸಾಕು.

ಬ್ರೋಕರ್ ಮೂರು ತಿಂಗಳಲ್ಲಿ ಕರೆತಂದದ್ದು ಐದೇ ಪಾರ್ಟಿ. ಮೊದಲು ನನಗೆ ಬೇಜಾರಾಗಿತ್ತು, ಆಮೇಲೆ ಅರ್ಥವಾಯಿತು. ಮನೆಯಲ್ಲಿ ವಯಸ್ಸಾದವರು ಇದ್ದಾರಾ ಅಂತ ಅವರು ಫೋನಿನಲ್ಲೇ ಕೇಳಿಬಿಡುತ್ತಿದ್ದರು. ಇದ್ದರೆ ನಮ್ಮ ಮನೆ ತೋರಿಸುತ್ತಲೇ ಇರಲಿಲ್ಲ. ನಾಲ್ಕನೆಯದಾಗಿ ಬಂದ ದಂಪತಿಗೆ ಎರಡು ವರ್ಷದ ಮಗು. ಹೆಂಡತಿ ಸೀದಾ ಮೇಲೆ ಹೋಗಿ, ರೇಲಿಂಗ್ ಹತ್ತಿರ ಕೂತು, ಸರಳುಗಳ ಮಧ್ಯೆ ಕೈ ತೂರಿಸಿ ನೋಡಿದಳು, ಮಗುವಿನ ತಲೆ ಸಿಕ್ಕಿಕೊಳ್ಳುತ್ತದಾ ಅಂತ. ಆಮೇಲೆ ಕೆಳಗಿದ್ದ ಗಂಡನನ್ನು ಮೆಲ್ಲಗೆ ಕರೆದಳು. ಅವನಿಗೆ ಕೇಳಿಸಿತು. "ಇಲ್ಲಿ ಕೂತು ಆಫೀಸ್ ಕೆಲಸ ಮಾಡ್ತಾ ಮಗೂನ ನೋಡ್ಕೋಬಹುದು" ಅಂದಳು. ಟೇಪ್ ಹಿಡಿದ ಹುಡುಗ ಗಾಳಿ ಅಂದ ಜಾಗಕ್ಕೇ ಇವರು ಮನೆ ಒಪ್ಪಿಕೊಂಡರು.

1.35 ಕೋಟಿಗೆ ಮಾತಾಯಿತು. ಅಗ್ರಿಮೆಂಟ್ ಆಗಸ್ಟ್ ಮೊದಲ ವಾರದಲ್ಲಿ. ನಮ್ಮ ಇ-ಖಾತಾದಲ್ಲಿ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಹೆಸರಿನ ಒಂದು ಅಕ್ಷರ ತಪ್ಪಾಗಿ ರಿಜಿಸ್ಟ್ರೇಷನ್ ಸೆಪ್ಟೆಂಬರ್‌ಗೆ ಹೋಯಿತು. ಅಷ್ಟರಲ್ಲಿ, ಆಗಸ್ಟ್ 31ರಿಂದ, ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. ಸ್ಟಾಂಪ್ ಡ್ಯೂಟಿ ಸೆಸ್ ಎಲ್ಲಾ ಸೇರಿ ಶೇ 5.6, ಅದರ ಮೇಲೆ ಇದು, ಒಟ್ಟು 7.6. ಕೊಳ್ಳುವವರಿಗೆ 1.35 ಲಕ್ಷ ಹೆಚ್ಚಿನ ಹೊರೆ, ತಡವಾಗಿದ್ದು ನಮ್ಮಿಂದ. ಇಬ್ಬರಿಗೂ ಬಿಗುಮಾನ ಬಂದು ಮಾತೇ ನಿಂತುಹೋಯಿತು. ಬ್ರೋಕರ್ ಎರಡೂ ಮನೆಗೆ ಓಡಾಡಿ ಅರ್ಧರ್ಧಕ್ಕೆ ಒಪ್ಪಿಸಿದರು. ಯಾವ ಆ್ಯಪ್ ಈ ಕೆಲಸ ಮಾಡುತ್ತದೆ ಹೇಳಿ? ಮೂರೂ ದಾರಿಯಲ್ಲಿ ಬಂದವರಲ್ಲಿ ಕೆಲವರು "ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟರ್ ಮಾಡಿಸಿ, ಉಳಿದದ್ದು ಕ್ಯಾಶ್" ಅಂದಿದ್ದರು, ಅಂದರೆ ಪತ್ರದಲ್ಲಿ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಬೆಲೆ ಮಾತ್ರ ತೋರಿಸುವುದು. ಅದಕ್ಕೆ ನಾನು ಒಪ್ಪಲೇ ಇಲ್ಲ, ನೀವೂ ಒಪ್ಪಬೇಡಿ.

ಮಾಮೂಲಿ 2 ಬಿಎಚ್‌ಕೆ ಆಗಿದ್ದರೆ ನಾನು ಆ್ಯಪ್ ಒಂದರಲ್ಲೇ ಮುಗಿಸುತ್ತಿದ್ದೆ. ಡ್ಯೂಪ್ಲೆಕ್ಸ್‌ಗೆ ಬ್ರೋಕರ್ ಕೇಳಿದ ಶೇ 1 ಕೊಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ದುಡ್ಡು ಬ್ಯಾಂಕ್ ಮೂಲಕವೇ ಕೊಟ್ಟು ರಸೀದಿ ಇಟ್ಟುಕೊಳ್ಳಿ, ಕ್ಯಾಪಿಟಲ್ ಗೇನ್ಸ್ (ತೆರಿಗೆಗೆ ಒಳಪಡುವ ಮಾರಾಟದ ಲಾಭ) ಲೆಕ್ಕ ಹಾಕುವಾಗ ಅದನ್ನು ಮಾರಿದ ಬೆಲೆಯಿಂದ ಕಳೆಯಬಹುದು.